ಒಂದೇ ಹೊಂಡದ ಮುಂದೆ ಮುಕ್ಕಾಲು ಗಂಟೆ

ಡಿಸೆಂಬರ್ 21, 2025, ಭಾನುವಾರ ರಾತ್ರಿ

ಮಕ್ಕಳಿಬ್ಬರೂ ಮಲಗಿದ್ದಾರೆ. ತಟ್ಟೆ, ಬ್ರಷ್, ಭೂತಗನ್ನಡಿ ಎಲ್ಲ ತೊಳೆದು ಒಣಗಲು ಇಟ್ಟಿದ್ದೇನೆ. ಅಷ್ಟು ಹೊತ್ತು ಬಂಡೆಯ ಮೇಲೆ ಕೂತಿದ್ದಕ್ಕೆ ಮೊಣಕಾಲು ಇನ್ನೂ ನೋಯುತ್ತಿದೆ. ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು, ನಾಳೆಗೆ ಅರ್ಧ ಮರೆತುಹೋಗಿರುತ್ತದೆ.

ನಿನ್ನೆ ಕೊಳ, ಇವತ್ತು ಸಮುದ್ರ.

ಕೊಳದ್ದು ಮೊದಲು. ಬಲೆಯನ್ನು ತಳದ ಕೆಸರಿಗೆ ತುರುಕಿ ಎತ್ತಿದರೆ ಕೆಸರೇ ಬರುತ್ತದೆ, ಒಳಗಿದ್ದ ಹುಳುಗಳಿಗೂ ಪೆಟ್ಟಾಗುತ್ತದೆ. ನೀರಿನ ಗಿಡಗಳ ಮಧ್ಯೆ ನಿಧಾನಕ್ಕೆ ಆಡಿಸಬೇಕು. ಬಿಳಿ ತಟ್ಟೆಯಲ್ಲಿ ಮೊದಲೇ ಅದೇ ಕೊಳದ ನೀರು ತುಂಬಿ ನೆರಳಲ್ಲಿ ಇಟ್ಟಿರಬೇಕು. ಬಲೆಯನ್ನು ಅದರಲ್ಲಿ ಮಗುಚಿ, ಆಮೇಲೆ ಸುಮ್ನೆ ಕಾಯಬೇಕು. ಮೊದಲ ಒಂದು ನಿಮಿಷ ಬರೀ ಕಸ ಕಾಣುತ್ತದೆ. ಆಮೇಲೆ ಆ ಕಸವೇ ನಡೆಯಲು ಶುರು ಮಾಡುತ್ತದೆ.

ದೊಡ್ಡವಳು ಕೊಳೆತ ಎಲೆಯ ಚೂರು ಅಂತ ಚಮಚದಲ್ಲಿ ಪಕ್ಕಕ್ಕೆ ಸರಿಸಿದ್ದು ಏರೋಪ್ಲೇನ್ ಚಿಟ್ಟೆಯ ಮರಿ. ಚಮಚ ತಾಗಿದ್ದೇ ತಡ, ಹಿಂಭಾಗದಿಂದ ನೀರು ಚಿಮ್ಮಿಸಿ ಒಂದೇ ನೆಗೆತಕ್ಕೆ ತಟ್ಟೆಯ ಆಚೆ ಬದಿಗೆ ಹೋಯಿತು. ಅದು ಉಸಿರಾಡುವುದೂ ಅಲ್ಲಿಂದಲೇ, ಹಿಂದಿನಿಂದ ನೀರು ಎಳೆದುಕೊಂಡು. ಮುಖದ ಅಡಿಯಲ್ಲಿ ಮಡಚಿಟ್ಟ ಒಂದು ತುಟಿ ಇದೆ, ಬೇಟೆ ಹತ್ತಿರ ಬಂದರೆ ಅದು ಕೈಯ ಹಾಗೆ ಫಕ್ಕನೆ ಮುಂದಕ್ಕೆ ಚಾಚಿ ಹಿಡಿಯುತ್ತದೆ. ಇದಕ್ಕೆ ಕಾದೆವು. ನಮ್ಮ ಎದುರು ಹಿಡಿಯಲಿಲ್ಲ.

ಚಿಕ್ಕವನ ಕಣ್ಣು ಬೇರೆ ಕಡೆ ಇತ್ತು. "ಅಮ್ಮಾ, ಈ ಹುಳದ ಬೆನ್ನ ಮೇಲೆ ಏನೋ ಅಂಟಿಸಿದ್ದಾರೆ" ಅಂದ. ನೋಡಿದರೆ ಚಪ್ಪಟೆ ಕಂದು ಬಣ್ಣದ ನೀರುತಿಗಣೆ, ಬೆನ್ನ ತುಂಬ ಒತ್ತೊತ್ತಾಗಿ ಮೊಟ್ಟೆ. ಈ ಜಾತಿಯಲ್ಲಿ ಹೆಣ್ಣು ಗಂಡಿನ ಬೆನ್ನ ಮೇಲೆ ಮೊಟ್ಟೆ ಅಂಟಿಸಿ ಹೋಗುತ್ತದೆ, ಮರಿ ಹೊರಬರುವ ತನಕ ಹೊತ್ತು ತಿರುಗುವುದು ಗಂಡು. ಹಾಗಂತ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಇದು ಅಪ್ಪ. ಇದನ್ನ ಮೊದಲು ಬಿಡೋಣ" ಅಂದ. ಅದು ಕಚ್ಚಿದರೆ ಜೋರು ನೋವು, ಹಾಗಾಗಿ ಕೈ ಹಾಕದೆ ತಟ್ಟೆಯನ್ನೇ ನೀರಿಗೆ ಬಗ್ಗಿಸಿ ಬಿಟ್ಟೆವು.

ಬಲೆಯನ್ನು ಮನೆಯಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿದ್ದೇನೆ. ಇದೊಂದು ವಿಷಯದಲ್ಲಿ ನಾನು ಜಾಸ್ತಿಯೇ ಕಟ್ಟುನಿಟ್ಟು. ಕೈಟ್ರಿಡ್ ಅನ್ನುವ ಶಿಲೀಂಧ್ರ ಜಗತ್ತಿನಲ್ಲಿ ಎಷ್ಟೋ ಜಾತಿಯ ಕಪ್ಪೆಗಳನ್ನು ಕೊಂದಿದೆ. ಅದು ಒದ್ದೆ ಬಲೆಯಲ್ಲಿ, ಬೂಟಿನ ಕೆಸರಿನಲ್ಲಿ ಒಂದು ಕೊಳದಿಂದ ಇನ್ನೊಂದಕ್ಕೆ ಹೋಗಬಲ್ಲದು. ಒಂದು ಕಡೆಯ ಗೊದಮೊಟ್ಟೆ ತಂದು ಇನ್ನೊಂದು ಕಡೆ ಬಿಡುವುದೂ ಬೇಡ ಅನ್ನುವುದು ಇದಕ್ಕೇ.

ಇನ್ನು ಇವತ್ತಿನದು. ಮೊನ್ನೆ ನಿನ್ನೆ ಅಮಾವಾಸ್ಯೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ಎಳೆಯುತ್ತವೆ, ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಉಳಿದ ದಿನ ನೀರಿನಡಿಯೇ ಇರುವ ಬಂಡೆಗಳೂ ಹೊರಗೆ ಬರುತ್ತವೆ. ಇವತ್ತು ಇಳಿತ ಸಂಜೆ 5:20ಕ್ಕೆ. ನಾವು 3:45ಕ್ಕೇ ಹೋಗಿ, ನೀರು ಹಿಂದೆ ಸರಿದ ಹಾಗೆ ಅದರ ಬೆನ್ನ ಹಿಂದೆಯೇ ಮುಂದೆ ಹೋದೆವು. ಇಳಿತ ಮುಗಿದ ಕೂಡಲೇ ವಾಪಸ್ ಹೊರಡುವುದು ಅಂತ ಮೊದಲೇ ಮಾತಾಗಿತ್ತು. ಹಸಿರು ಪಾಚಿ ಇದ್ದಲ್ಲಿ ಕಾಲಿಡುವಂತಿಲ್ಲ, ಅಲೆಗೆ ಬೆನ್ನು ಹಾಕುವಂತಿಲ್ಲ, ನನ್ನ ಕೈಗೆ ಸಿಗದಷ್ಟು ದೂರ ಚಿಕ್ಕವನು ಹೋಗುವಂತಿಲ್ಲ. ಶಂಕುವಿನ ಆಕಾರದ ಚಂದದ ಚಿಪ್ಪು ಕಂಡರೆ ಯಾರೂ ಮುಟ್ಟುವಂತಿಲ್ಲ. ಆ ಬಸವನಹುಳುವಿಗೆ ವಿಷದ ಈಟಿ ಇದೆ, ಕೆಲವು ಜಾತಿಯದು ಮನುಷ್ಯರನ್ನು ಕೊಲ್ಲುವಷ್ಟು.

ಮೊದಲ ಹತ್ತು ನಿಮಿಷ ಯಾವಾಗಲೂ ಓಟವೇ. ಒಂದು ಹೊಂಡ ಇಣುಕುವುದು, "ಇಲ್ಲಿ ಏನೂ ಇಲ್ಲ" ಅನ್ನುವುದು, ಮುಂದಿನದಕ್ಕೆ ಹಾರುವುದು. ನಮ್ಮ ನೆರಳು ಬಿದ್ದ ಕೂಡಲೇ ಎಲ್ಲ ಅಡಗುತ್ತವೆ, ಏನೂ ಇಲ್ಲ ಅನ್ನಿಸುವುದು ಅದಕ್ಕೇ ಅಲ್ವಾ. ಹಾಗಾಗಿ ಇವತ್ತು ಬಕೆಟಿನಷ್ಟೇ ಅಗಲದ ಒಂದು ಹೊಂಡ ಆರಿಸಿ, ನೆರಳು ನೀರಿಗೆ ಬೀಳದ ಕಡೆ ಮೂವರೂ ಕೂತೆವು. ಮಾತಿಲ್ಲ, ಕೈ ಹಾಕುವುದಿಲ್ಲ, ಬಲೆಯಂತೂ ತಂದೇ ಇರಲಿಲ್ಲ.

ಐದು ನಿಮಿಷಕ್ಕೆ ಗಾಜಿನಂಥ ಒಂದು ಸೀಗಡಿ ಬಂತು. ಅದರ ಒಳಗಿನದೆಲ್ಲ ಕಾಣುತ್ತಿತ್ತು. ಆಮೇಲೆ ಬಂಡೆಯ ಬಣ್ಣದ್ದೇ ಮೀನೊಂದು ಸರಿದಾಗಲಷ್ಟೇ ಅಲ್ಲಿ ಮೀನಿದೆ ಅಂತ ಗೊತ್ತಾಯಿತು. ಅಂಟಿನ ಮುದ್ದೆಯ ಹಾಗೆ ಕೂತಿದ್ದ ಕಡಲ ಹೂ ಮೆಲ್ಲಗೆ ಬಿಚ್ಚಿಕೊಂಡಿತು. ಹೂ ಅನ್ನುತ್ತೇವೆ, ಆದರೆ ಅದು ಪ್ರಾಣಿ, ಎಸಳಿನಂಥ ಆ ಬೆರಳುಗಳ ತುಂಬ ಚುಚ್ಚುವ ಕಣಗಳು. ಅದರ ಪಕ್ಕದಲ್ಲೇ ಬಂಡೆಗೆ ಅಂಟಿದ ಬಾರ್ನಕಲ್‌ಗಳು. ದೊಡ್ಡವಳು ಇಷ್ಟು ದಿನ ಅದನ್ನು ಕಲ್ಲು ಅಂದುಕೊಂಡಿದ್ದಳಂತೆ. ಬಾಗಿಲು ತೆರೆದು ಗರಿಯಂಥ ಕಾಲು ಹೊರಗೆ ಹಾಕಿ ಬೀಸಿ ಒಳಗೆ ಎಳೆದುಕೊಳ್ಳುವುದನ್ನು ನೋಡಿ ಅವಳು ಪಿಸುಗುಟ್ಟಿದ್ದು, "ಅಮ್ಮಾ, ಕಲ್ಲು ತಿಂತಾ ಇದೆ." ಏಡಿ ಸೀಗಡಿಯ ಬಳಗವೇ ಅದು. ಮರಿಯಾಗಿದ್ದಾಗ ಈಜಿಕೊಂಡಿದ್ದು, ಆಮೇಲೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಉಳಿದ ಜೀವನವಿಡೀ ಕಾಲಿನಿಂದ ಊಟ ಬಾಚುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಇವನ್ನೇ ನೋಡಿಕೊಂಡು ಕೂತಿದ್ದರು ಅಂದೆ. ಎಂಟು ವರ್ಷ ಜಾಸ್ತಿ ಅಂತ ಇಬ್ಬರಿಗೂ ಅನ್ನಿಸಲಿಲ್ಲ.

ಈಗ ಬರೆಯಲು ಕಷ್ಟವಾಗುವ ವಿಷಯ. ಕಳೆದ ಬಾರಿ ಹೋದಾಗ ಚಿಕ್ಕವನು ಒಂದು ಚಿಪ್ಪನ್ನು ಜೇಬಿಗೆ ಹಾಕಿಕೊಂಡಿದ್ದ. ಖಾಲಿ ಚಿಪ್ಪು ಅಂತ ನಾನೂ ಬಿಟ್ಟಿದ್ದೆ, ಒಳಗೆ ನೋಡಲಿಲ್ಲ. ರಾತ್ರಿ ಅವನ ಮೇಜಿನ ಮೇಲೆ ಚರಚರ ಸದ್ದು. ಒಳಗೆ ಸನ್ಯಾಸಿ ಏಡಿ ಇತ್ತು, ಹೆದರಿ ಪೂರ್ತಿ ಹಿಂದಕ್ಕೆ ಸರಿದುಕೊಂಡಿತ್ತು ಅಷ್ಟೇ. ಬೆಳಿಗ್ಗೆ ಸಮುದ್ರಕ್ಕೆ ತಲುಪಿಸುವಷ್ಟರಲ್ಲಿ ಅದು ಸತ್ತಿತ್ತು. ಅವನು ಅತ್ತಿದ್ದಕ್ಕಿಂತ, ಆಮೇಲೆ ಎರಡು ದಿನ ಅದರ ಬಗ್ಗೆ ಮಾತೇ ಆಡದೆ ಇದ್ದದ್ದು ನನ್ನನ್ನು ಜಾಸ್ತಿ ಕಾಡಿತು. ತಪ್ಪು ಆರು ವರ್ಷದ ಹುಡುಗನದ್ದಲ್ಲ, ನನ್ನದು.

ಸನ್ಯಾಸಿ ಏಡಿಗೆ ಹೊಟ್ಟೆಯ ಭಾಗ ಮೆತ್ತಗೆ, ಅದನ್ನು ಕಾಪಾಡಲು ಸತ್ತ ಬಸವನಹುಳುವಿನ ಚಿಪ್ಪು ಬೇಕು. ಬೆಳೆದ ಹಾಗೆ ದೊಡ್ಡ ಚಿಪ್ಪು ಹುಡುಕಬೇಕು. ಒಳ್ಳೆಯ ಚಿಪ್ಪೊಂದು ಸಿಕ್ಕರೆ ಕೆಲವೊಮ್ಮೆ ಏಡಿಗಳು ಗಾತ್ರದ ಪ್ರಕಾರ ಸಾಲಾಗಿ ನಿಂತು, ದೊಡ್ಡದು ಹೊಸ ಮನೆಗೆ ಹೋದ ಕೂಡಲೇ ಅದು ಬಿಟ್ಟ ಮನೆಗೆ ಮುಂದಿನದು, ಅದರದ್ದಕ್ಕೆ ಅದರ ಮುಂದಿನದು, ಹೀಗೆ ಒಂದರ ಹಿಂದೆ ಒಂದು ಬದಲಾಯಿಸಿಕೊಳ್ಳುತ್ತವೆ. ಅಂದರೆ ನಿಜವಾಗಿ ಖಾಲಿ ಇರುವ ಚಿಪ್ಪೂ ಯಾರದ್ದೋ ಮನೆಯೇ. ಅದಕ್ಕೇ ಈಗ ನಾವು ಚಿಪ್ಪು ತರುವುದಿಲ್ಲ. ಕಲ್ಲು ಎತ್ತಿದರೆ ಮೊದಲಿದ್ದ ಹಾಗೆಯೇ, ಅದೇ ಬದಿ ಕೆಳಗೆ ಮಾಡಿ ಇಡುತ್ತೇವೆ. ಮೇಲಿನ ಪಾಚಿಗೆ ಬೆಳಕು ಬೇಕು, ಅಡಿಯಲ್ಲಿರುವವಕ್ಕೆ ಕತ್ತಲು ಮತ್ತು ತೇವ ಬೇಕು. ಲಿಂಪೆಟ್ ಅನ್ನುವ ಟೋಪಿಯಂಥ ಚಿಪ್ಪಿನ ಜೀವಿಯನ್ನಂತೂ ಕೀಳಲೇಬಾರದು. ಎಷ್ಟೋ ಜಾತಿಯ ಲಿಂಪೆಟ್‌ಗಳು ನೀರು ಬಂದಾಗ ಮೇಯಲು ಹೋಗಿ, ಬಂಡೆಯಲ್ಲಿ ತಮ್ಮ ಚಿಪ್ಪಿನ ಅಂಚಿಗೆ ಸರಿಯಾಗಿ ಕೂರುವ ಅದೇ ಜಾಗಕ್ಕೆ ವಾಪಸ್ ಬರುತ್ತವೆ.

ಇವತ್ತು ಚಿಕ್ಕವನಿಗೆ ಒಂದು ಚಿಪ್ಪು ಸಿಕ್ಕಿತು. ಈ ಸಲ ನೀರಲ್ಲಿ ಇಟ್ಟು ಕಾದ, ಭೂತಗನ್ನಡಿ ಹಿಡಿದು ನೋಡಿದ, ನನಗೆ ಕೊಟ್ಟು ನೋಡು ಅಂದ. ಖಾಲಿಯೇ ಇತ್ತು. ಅವನೇ ಅದನ್ನು ನಮ್ಮ ಹೊಂಡದ ತಳದಲ್ಲಿ, ಸನ್ಯಾಸಿ ಏಡಿಯೊಂದು ಓಡಾಡುತ್ತಿದ್ದ ಕಡೆ ಇಟ್ಟ. ಏಡಿ ಮೊದಲು ತನ್ನ ಚಿಪ್ಪಿನೊಳಗೇ ಸೇರಿಕೊಂಡಿತು. ಆಮೇಲೆ ಮೀಸೆ, ಕಣ್ಣು, ಕಾಲು ಒಂದೊಂದಾಗಿ ಹೊರಬಂದವು. ಚಿಪ್ಪಿನ ಹತ್ತಿರ ಬಂತು, ಹೊರಳಿಸಿತು, ಬಾಯೊಳಗೆ ಕೊಂಡಿ ಹಾಕಿ ಅಳತೆ ನೋಡಿತು. ಮೂವರೂ ಉಸಿರು ಬಿಗಿ ಹಿಡಿದಿದ್ದೆವು. ಅದಕ್ಕೆ ಹಿಡಿಸಲಿಲ್ಲ, ಬಿಟ್ಟು ಹೋಯಿತು.

"ಬೇರೆಯವರಿಗೆ ಆಗಬಹುದು" ಅಂದ ಅವನು. ಚಿಪ್ಪು ಅಲ್ಲೇ ಉಳಿಯಿತು.

ಅಷ್ಟರಲ್ಲಿ ಹೊಂಡದ ಅಂಚಿಗೆ ಮೊದಲ ನೀರು ನುಗ್ಗಿತು, ಎದ್ದೆವು. ನಾಳೆ ಮತ್ತೆ ಬರೋಣ ಅಂತ ದಾರಿಯುದ್ದಕ್ಕೂ ಹಟ. ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ, ನಾಳೆ ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ ಅಂತ ಹೇಳಿ ಒಪ್ಪಿಸಬೇಕಾಯಿತು. ಮನೆಗೆ ಬಂದ ಮೇಲೆ ದೊಡ್ಡವಳು ಕ್ಯಾಲೆಂಡರ್ ತಿರುವಿ ಮುಂದಿನ ಹುಣ್ಣಿಮೆ ಹುಡುಕಿದಳು. ಜನವರಿ 3, ಶನಿವಾರ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ, ಪಕ್ಕದಲ್ಲಿ ಚಿಕ್ಕವನು ಒಂದು ಚಿಪ್ಪು ಬರೆದಿದ್ದಾನೆ.