ಒಂದು ಗೇಣು ಹಿಂದೆ

ಬೆಟ್ಟದ ಮೇಲೆ ಎರಡು ದಿನ ಇದ್ದೆವು. ಮಂಜು, ಹಸಿರು ಎಲ್ಲ ಚೆನ್ನಾಗಿತ್ತು. ಆದರೆ ನನ್ನ ಮನಸ್ಸಲ್ಲಿ ಕೂತಿರುವುದು ಹೋಗುವಾಗ ಘಾಟಿಯಲ್ಲಿ ಸಿಕ್ಕಿಕೊಂಡ ಒಂದೂವರೆ ಗಂಟೆ.

ತಿರುವಿನಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ವಾಹನಗಳ ಸಾಲು ಎರಡು ಮಾರು ಹೋಗುವುದು, ಮತ್ತೆ ನಿಲ್ಲುವುದು. ಹಳೆಯ ಕಾರಿನಲ್ಲಿ ಹಾಫ್ ಕ್ಲಚ್ ಹಿಡಿದು ಏರಿನಲ್ಲಿ ನಿಲ್ಲಿಸುವುದು ನನಗೆ ವರ್ಷಗಳ ರೂಢಿ. ಎಲೆಕ್ಟ್ರಿಕ್ ಕಾರಿನಲ್ಲೂ ಕಾಲು ಅದನ್ನೇ ಮಾಡಿತು. ಬ್ರೇಕ್ ಮುಟ್ಟದೆ ಆಕ್ಸಿಲರೇಟರನ್ನೇ ಹದವಾಗಿ ಒತ್ತಿ ಹಿಡಿದೆ. ಕಾರು ಕದಲದೆ ನಿಂತಿತು. ಸದ್ದೂ ಇಲ್ಲ. ಎಷ್ಟು ಚೆಂದ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಬಾನೆಟ್ ಒಳಗೆ ಫ್ಯಾನ್ ಜೋರಾಗಿ ತಿರುಗತೊಡಗಿತು. ಪರದೆಯಲ್ಲಿ ಆಮೆಯ ಚಿತ್ರ ಬಂತು. ಕಾಲು ಇದ್ದ ಹಾಗೇ ಇತ್ತು, ಕಾರು ಮಾತ್ರ ಒಂದು ಗೇಣು ಹಿಂದೆ ಜಾರಿತು. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು. ಬ್ರೇಕ್ ತುಳಿದ ಮೇಲೂ ನನ್ನ ಕೈ ನಡುಗುತ್ತಿತ್ತು.

ಹಿಂದಿನ ಕಾರಿನಿಂದ ಹಿರಿಯರೊಬ್ಬರು ಇಳಿದು ಬಂದರು. ಮೋಟಾರ್ ವೈಂಡಿಂಗ್ ಕೆಲಸದಲ್ಲೇ ತಲೆ ನರೆತವರು.

"ಆಕ್ಸಿಲರೇಟರ್ ಮೇಲೆ ನಿಲ್ಲಿಸಿದ್ರಾ?"

"ಹೌದು ಸರ್. ಚಕ್ರ ತಿರುಗ್ತಾನೇ ಇಲ್ವಲ್ಲ, ಮೋಟಾರಿಗೇನು ಭಾರ?"

ಒದ್ದೆ ಬಾನೆಟ್ ಮೇಲೆ ಬೆರಳಿನಿಂದ ಮೂರು ಗೆರೆ ಎಳೆದರು. "ಇವು ಮೋಟಾರಿನ ಮೂರು ಸುರುಳಿ. ಮೂಟೆನ ಮೂರು ಜನ ಸರದಿ ಮೇಲೆ ಹೊತ್ತ ಹಾಗೆ. ತಿರುಗ್ತಾ ಇದ್ರೆ ಹೆಗಲು ಬದಲಾಗುತ್ತೆ. ನಿಂತ್ರೆ ಜಾಸ್ತಿ ಭಾರ ಒಬ್ಬನ ಮೇಲೇ ಉಳಿಯುತ್ತೆ. ಬ್ಯಾಟರಿ ಕರೆಂಟನ್ನ ಈ ಸುರುಳಿಗಳಿಗೆ ಹಂಚೋ ಇನ್ವರ್ಟರ್ ಇದೆಯಲ್ಲ, ಅದರ ಸ್ವಿಚ್ಚುಗಳ ಪಾಡೂ ಅದೇ. ಗಾಡಿ ಮುಂದೆ ಹೋಗಲ್ಲ, ಬಂದ ಕರೆಂಟೆಲ್ಲ ಬಿಸಿ ಆಗುತ್ತೆ. ಕರೆಂಟು ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟು. ಅದಕ್ಕೇ ಕಾರು ತನ್ನನ್ನ ಉಳಿಸ್ಕೊಳ್ಳೋಕೆ ಬಲ ಇಳಿಸ್ತು. ಆಮೆ ಅದರ ಗುರುತು."

"ಹಾಗಾದ್ರೆ ಏನು ಮಾಡ್ಲಿ?"

"ನಿಲ್ಲಿಸೋ ಕೆಲಸ ಬ್ರೇಕಿಗೆ ಬಿಡಿ. ಅದು ಇರೋದೇ ಅದಕ್ಕೆ."

ಆಟೋ ಹೋಲ್ಡ್ ಬಟನ್ ನನ್ನ ಕೈಯಳತೆಯಲ್ಲೇ ಇತ್ತು, ಒಂದು ಸಲವೂ ಒತ್ತಿರಲಿಲ್ಲ. ಅದು ಬ್ರೇಕನ್ನೇ ಹಿಡಿದಿಡುತ್ತದೆ, ಮೋಟಾರಿಗೆ ಕೆಲಸವಿಲ್ಲ. ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದಾಗ ಕಾರು ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಅನ್ನೇ ನಂಬಬೇಡಿ, ಅದು ಕೆಲವೇ ಸೆಕೆಂಡು. ತುಂಬಾ ಹೊತ್ತು ನಿಲ್ಲಬೇಕಾದರೆ ಮೊದಲು ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ಗೇರನ್ನು 'ಪಿ'ಗೆ, ಅಂದರೆ ಪಾರ್ಕಿಂಗ್‌ಗೆ ಹಾಕಿ. ಇಲ್ಲದಿದ್ದರೆ ಕಾರಿನ ಭಾರವೆಲ್ಲ ಗೇರಿನೊಳಗಿನ ಪುಟ್ಟ ಕೊಂಡಿಯ ಮೇಲೆ ಬೀಳುತ್ತದೆ. ಹೀಗೆ ನಿಲ್ಲಿಸಿದರೆ ಏಸಿ ನಿಲ್ಲುತ್ತದೆ ಅನ್ನೋ ಭಯ ಬೇಡ, ಅದು ಬ್ಯಾಟರಿಯಿಂದ ನಡೆಯುತ್ತಲೇ ಇರುತ್ತದೆ. ಕಾರು ಕೊಡುವ ದಿನ ಹಾಡು ಹಾಕುವುದನ್ನು ಅರ್ಧ ಗಂಟೆ ಹೇಳಿಕೊಟ್ಟರು. ಇದನ್ನು ಎರಡು ನಿಮಿಷ ಹೇಳಬಹುದಿತ್ತು, ಅಲ್ವಾ? ಆ ಬೇಸರ ಇನ್ನೂ ಹೋಗಿಲ್ಲ.

ಸಾಲು ಕದಲಿತು. ಹಿರಿಯರು ಓಡುತ್ತಾ ತಮ್ಮ ಕಾರಿಗೆ ಹೋದರು. ಹೆಸರು ಕೇಳುವುದಕ್ಕೂ ಆಗಲಿಲ್ಲ. ಲಾರಿ ದಾಟುವ ತನಕ ಇನ್ನೂ ಹತ್ತಾರು ಸಲ ನಿಂತೆವು. ಆಮೆ ಮತ್ತೆ ಬರಲಿಲ್ಲ.