ಊಟಿಗೆ ಕಾರು ತೆಗೆಯುವ ಮೊದಲು ಪಾಲಿಸಿಯ ಎರಡು ತಾರೀಖು ನೋಡಿ

ಕಾರು ತಗೊಂಡು ಒಂದು ವರ್ಷದ ಮೇಲೆ ಹನ್ನೊಂದು ದಿನ ಆಗಿತ್ತು. ಈ ಲೆಕ್ಕ ನನಗೆ ಗೊತ್ತಾಗಿದ್ದು ಊಟಿಯ ಒಂದು ಪಾರ್ಕಿಂಗ್ ಜಾಗದಲ್ಲಿ.

ಮೈಸೂರಿನಿಂದ ಬೆಳಿಗ್ಗೆ ಐದಕ್ಕೆ ಹೊರಟೆವು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದು ಹೋದರೆ ಸಮಯ ಸರಿಹೋಗುತ್ತದೆ. ನೀಲಗಿರಿಗೆ ಇ-ಪಾಸ್ ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ಮಾಡಿಕೊಂಡಿದ್ದೆ, ನೀವೂ ಹಾಗೇ ಮಾಡಿ. ಗೂಡಲೂರಿನ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ಡಿಜಿಲಾಕರ್‌ನಲ್ಲಿ ಆರ್‌ಸಿ, ಡಿಎಲ್, ಇನ್ಶೂರೆನ್ಸ್ ತೋರಿಸಿದೆ. ಎಲ್ಲಾ ಸರಿ ಇದೆ ಅಂತ ಬಿಟ್ಟರು.

ಊಟಿಯಲ್ಲಿ ರಿವರ್ಸ್ ತೆಗೆಯುವಾಗ, ಹೆಂಡತಿ "ಸಾಕು, ಸಾಕು" ಅನ್ನುತ್ತಿದ್ದರೂ ಇನ್ನೊಂದಡಿ ಹೋದೆ. ಕಲ್ಲಿನ ಕಂಬ. ಬಂಪರ್ ಬಾಯಿ ಬಿಟ್ಟಿತು, ಟೇಲ್ ಲ್ಯಾಂಪ್ ಪುಡಿಪುಡಿ. ಇನ್ಶೂರೆನ್ಸ್ ಇದೆ ಅಲ್ವಾ ಅಂತ ಧೈರ್ಯವಾಗಿಯೇ ಫೋನ್ ಮಾಡಿದೆ. "ಸರ್, ನಿಮ್ಮ ಓನ್ ಡ್ಯಾಮೇಜ್ ಮುಗಿದು ಹನ್ನೊಂದು ದಿನ ಆಯ್ತು" ಅಂದಳು ಆ ಕಡೆಯ ಹುಡುಗಿ.

ಆಗಿದ್ದು ಇಷ್ಟೇ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಕೊಡುವುದು) 3 ವರ್ಷಕ್ಕೆ ಒಟ್ಟಿಗೇ ಮಾಡಿಸಬೇಕು. ನಮ್ಮ ಗಾಡಿಗೆ ಪೆಟ್ಟಾದರೆ ದುಡ್ಡು ಕೊಡುವ ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ 1 ವರ್ಷದ್ದು. ಅದಕ್ಕೇ ಪಾಲಿಸಿಯಲ್ಲಿ ಮುಗಿಯುವ ತಾರೀಖು ಎರಡು. ಕಾನೂನಿಗೆ ಬೇಕಾಗಿದ್ದು ಥರ್ಡ್ ಪಾರ್ಟಿ. ಹಾಗಾಗಿ ಪೊಲೀಸರ ಕಣ್ಣಿಗೆ ನಾನು ಸರಿ, ನನ್ನ ಜೇಬಿಗೆ ಮಾತ್ರ ಕತ್ತರಿ. ನೆನಪಿಸುವ ಮೆಸೇಜುಗಳು ಎಲ್ಲಿ ಹೋದವು ಅಂದರೆ, ಶೋರೂಮಿನವರು ಪಾಲಿಸಿಯಲ್ಲಿ ತಮ್ಮದೇ ನಂಬರ್ ಹಾಕಿಕೊಂಡಿದ್ದರು! ನಿಮ್ಮದರಲ್ಲಿ ಯಾರ ನಂಬರ್ ಇದೆ ಅಂತ ಈಗಲೇ ನೋಡಿಬಿಡಿ.

ಕಾರು ಹಳೆಯದಾಗಿದ್ದು ಥರ್ಡ್ ಪಾರ್ಟಿಯೇ ಮುಗಿದಿದ್ದರೆ ಕಥೆ ಬೇರೆ. ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ, 3 ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕಿಂತ ಹೆದರಿಕೆಯ ವಿಷಯ, ಯಾರಿಗಾದರೂ ಗುದ್ದಿದರೆ ಪರಿಹಾರ ಪೂರ್ತಿ ನಮ್ಮ ತಲೆ ಮೇಲೆ.

ರೂಮಿಗೆ ಹೋಗಿ ರಿನ್ಯೂವಲ್‌ಗೆ ಕೂತೆ. ಲ್ಯಾಪ್ಸ್ ಆದ ಗಾಡಿಗೆ ಮೊದಲು ಇನ್‌ಸ್ಪೆಕ್ಷನ್. ಕಾರಿನ ಸುತ್ತ ನಡೆದು ವಿಡಿಯೋ ಕಳಿಸಿದೆ. ಒಡೆದ ಬಂಪರ್ ಅವರ ಲೆಕ್ಕಕ್ಕೆ ಬರಲಿಲ್ಲ, ಸಹಜ. 90 ದಿನದೊಳಗೆ ಮಾಡಿಸಿದ್ದಕ್ಕೆ 20% ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಉಳಿಯಿತು, ಅಷ್ಟೇ ಸಮಾಧಾನ.

ಮರುದಿನ ಟೇಲ್ ಲ್ಯಾಂಪಿಗೆ ಕೆಂಪು ಟೇಪ್ ಅಂಟಿಸಿಕೊಂಡು, ಕತ್ತಲಾಗುವ ಮೊದಲೇ ಗುಂಡ್ಲುಪೇಟೆ ದಾಟಿದೆವು.