ತಿದ್ದೋದು ಆಮೇಲೆ, ಮೊದಲು ಕಥೆ ಓದಿ

ಗೋವಾದ ವಾಸ್ಕೋದಲ್ಲಿರುವ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಕನ್ನಡದ ಮಕ್ಕಳು ಬರುತ್ತಾರೆ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಬಂದರಿನಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವವರ ಮಕ್ಕಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಇಲ್ಲವೇ ಕೊಂಕಣಿ, ಆಟಕ್ಕೆ ನಿಂತರೆ ಹಿಂದಿ. ಮಾತಿನಲ್ಲಿ ಭಾರಿ ಚುರುಕು. ಆದರೆ ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾರೆ.

ಅವರ ಕೈಲಿ ಓದಿಸಬೇಡಿ, ನೀವೇ ಓದಿ ಹೇಳಿ ಅಂತ ಅಪ್ಪ ಅಮ್ಮಂದಿರಿಗೆ ನಾನು ಹೇಳುತ್ತಲೇ ಇರುತ್ತೇನೆ. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿಗೆ ಏನಿತ್ತು ಅನ್ನೋದು ಮರೆತುಹೋಗಿರುತ್ತದೆ, ಕಥೆಯೇ ಸಿಗದಿದ್ದರೆ ಪುಸ್ತಕದ ಮೇಲೆ ಪ್ರೀತಿ ಎಲ್ಲಿಂದ ಬರಬೇಕು? ಅದೇ ಮಗು ತನಗೆ ಓದಲು ಬಾರದ ದೊಡ್ಡ ಕಥೆಯನ್ನೂ ಕಿವಿಯಲ್ಲಿ ಕೇಳಿ ಪೂರ್ತಿ ಹಿಡಿಯುತ್ತದೆ. ಓದುವಾಗ ನಿಮ್ಮ ಬೆರಳು ಸಾಲಿನ ಕೆಳಗೆ ಓಡಲಿ. ಅದೇ ಪುಸ್ತಕ ಮತ್ತೆ ಬೇಕು ಅಂದರೆ ಮತ್ತೆ ಓದಿ. ಆಮೇಲೆ ಒಂದು ದಿನ ನೀವು ಬೇಕಂತಲೇ ಒಂದು ಪದ ಬಿಟ್ಟರೆ ಮಗುವೇ ಅದನ್ನು ಹೇಳುತ್ತದೆ, ಆಗ ಅದರ ಕಣ್ಣು ಆ ಪದದ ಮೇಲೇ ಇರುತ್ತದೆ ನೋಡಿ.

ಇಲ್ಲಿ ಕನ್ನಡದ ಮಕ್ಕಳ ಪುಸ್ತಕ ಹುಡುಕೋದು ಕಷ್ಟ, ನಿಜ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ಕೂಡ ತೆಗೆಯಬಹುದು. ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಕನ್ನಡದಲ್ಲಿ ಕೇಳಿದ ಕಥೆಯನ್ನು ಮಕ್ಕಳು ಮರಾಠಿಯಲ್ಲಿ ತಾವೇ ಓದಿಕೊಳ್ಳುತ್ತಾರೆ. ರಜೆಯಲ್ಲಿ ಪಣಜಿಗೆ ಹೋದರೆ ಕೃಷ್ಣದಾಸ ಶಾಮಾ ಗ್ರಂಥಾಲಯಕ್ಕೂ ಕರೆದುಕೊಂಡು ಹೋಗಿ. 1832ರಲ್ಲಿ ಶುರುವಾದದ್ದು ಅದು, ಮಕ್ಕಳಿಗೆ ಬೇರೆ ವಿಭಾಗವೇ ಇದೆ. ಯಾವ ಪುಸ್ತಕ ಅನ್ನೋದನ್ನು ಅವರೇ ಆರಿಸಲಿ, ನಿಮಗೆ ಅದು ಸಪ್ಪೆ ಅನ್ನಿಸಿದರೂ ಸುಮ್ನೆ ಇರಿ.

ಇನ್ನು ಬರೆಯೋದು. ‘ನನ್ನ ಶಾಲೆ’, ‘ಹಸು’ ಅಂತ ವಿಷಯ ಕೊಟ್ಟರೆ ಪಾಠದಲ್ಲಿ ಇದ್ದದ್ದೇ ಹಾಳೆಗೆ ಇಳಿಯುತ್ತದೆ. ಇಟಲಿಯ ಮಕ್ಕಳ ಲೇಖಕ ಜಾನ್ನಿ ರೋದಾರಿ ಅವರದ್ದೊಂದು ಆಟ ನನಗೆ ಬಹಳ ಇಷ್ಟ. 1970ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಪಡೆದವರು ಅವರು. ಒಂದು ಮಗು ಬೋರ್ಡಿನ ಈ ಕಡೆ ಒಂದು ಪದ ಬರೆಯಬೇಕು, ಇನ್ನೊಂದು ಮಗು ಅದನ್ನು ನೋಡದೆ ಆ ಕಡೆ ಇನ್ನೊಂದು ಪದ ಬರೆಯಬೇಕು. ಒಂದಕ್ಕೊಂದು ಸಂಬಂಧವೇ ಇಲ್ಲದ ಆ ಎರಡನ್ನೂ ಸೇರಿಸಿ ಕಥೆ ಕಟ್ಟಬೇಕು, ಸಂಬಂಧ ಎಷ್ಟು ಕಡಿಮೆಯೋ ತಲೆಗೆ ಅಷ್ಟು ಜಾಸ್ತಿ ಕೆಲಸ.

ನಮ್ಮಲ್ಲಿ ಒಮ್ಮೆ ಬಂದ ಪದಗಳು ಫೆರಿ ಬೋಟು ಮತ್ತು ಇಡ್ಲಿ. ಒಬ್ಬ ಹುಡುಗಿ ಬರೆದ ಕಥೆಯಲ್ಲಿ ದಿನಾ ಜನರನ್ನು ದಾಟಿಸಿ ಸುಸ್ತಾದ ಬೋಟು ಒಬ್ಬ ಅಜ್ಜಿಯ ಬುಟ್ಟಿಯಲ್ಲಿದ್ದ ಇಡ್ಲಿಯನ್ನೆಲ್ಲ ತಿಂದು ಉಬ್ಬಿಹೋಗುತ್ತದೆ, ದಡಕ್ಕೆ ಹತ್ತಲು ಆಗದೆ ನದಿಯ ನಡುವೆಯೇ ಅಳುತ್ತಾ ನಿಲ್ಲುತ್ತದೆ. ಎಲ್ಲಾ ಅವಳ ಮನೆಮಾತಿನಲ್ಲೇ ಇತ್ತು. ಕರೆದೊಯ್ಯಲು ಬಂದ ಅವಳ ಅಪ್ಪ ಹಾಳೆ ನೋಡಿದವರೇ ಜೇಬಿನ ಪೆನ್ನಿಗೆ ಕೈ ಹಾಕಿದರು.

“ಅಕ್ಕಾರ, ಎಷ್ಟ ತಪ್ಪ ಬರದಾಳ ನೋಡ್ರಿ.”

“ಮೊದಲ ಕತಿ ಓದ್ರಿ ಅಣ್ಣಾರ.”

ಓದಿದರು. ಓದುತ್ತಾ ನಕ್ಕರು. ಆಮೇಲೆ ಮಗಳ ಕಡೆ ತಿರುಗಿ “ಮುಂದ ಏನಾತು? ಬೋಟ ದಂಡಿಗಿ ಬಂತೋ ಇಲ್ಲೋ?” ಅಂತ ಕೇಳಿದರು. ಅವಳು ಅಲ್ಲೇ ಕೂತು ಇನ್ನೊಂದು ಪುಟ ಬರೆದಳು. ಬರಿ ಅಂತ ಯಾರೂ ಹೇಳಿರಲಿಲ್ಲ. ಮುಂದೇನಾಯಿತು ಅಂತ ಕೇಳುವವರು ಒಬ್ಬರು ಸಿಕ್ಕಿದ್ದರು, ಅಷ್ಟೇ.

ಕಾಗುಣಿತ ಮುಖ್ಯ ಅಲ್ವಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟು. ಮುಖ್ಯವೇ, ಆದರೆ ಅದರ ಸರದಿ ಎರಡನೆಯದು. ಬರೆದದ್ದನ್ನು ಮಕ್ಕಳು ಉಳಿದವರ ಮುಂದೆ ಜೋರಾಗಿ ಓದುವಾಗ ಅರ್ಧ ತಪ್ಪು ಅವರಿಗೇ ಕೇಳಿಸುತ್ತದೆ. ಆಮೇಲೆ ಹಾಳೆಗಳನ್ನು ಪಿನ್ ಹೊಡೆದು, ಮೇಲೆ ಅವರ ಹೆಸರು ಹಾಕಿ ಪುಸ್ತಕ ಮಾಡುತ್ತೇವೆ ಅಂದರೆ ಉಳಿದದ್ದನ್ನು ಅವರೇ ಬಂದು ಕೇಳಿ ತಿದ್ದಿಕೊಳ್ಳುತ್ತಾರೆ.

ಈ ವಾರ ಬೋರ್ಡಿನ ಮೇಲೆ ಬಂದ ಪದಗಳು ತೆಂಗಿನಮರ ಮತ್ತು ಮೊಬೈಲ್ ಚಾರ್ಜರ್. ನಿಮ್ಮ ಮನೆಯ ಮಕ್ಕಳಿಗೂ ಕೊಡಿ, ಕಥೆ ಬಂದರೆ ನನಗೂ ಕಳಿಸಿ, ಭಾನುವಾರ ಇಲ್ಲಿ ಓದಿ ಹೇಳುತ್ತೇನೆ.